ನಿಕಾನ್ ಎಫ್‌ಎಂ2 ಅಥವಾ ಯಾಶಿಕಾ ಮ್ಯಾಟ್ 124ಜಿ: ಮಲೆನಾಡಿನ ಥಂಡಿಯಲ್ಲಿ ಯಾವುದನ್ನು ಕೊಳ್ಳಲಿ?

ಗಿರಿದಾರಿ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಸದ್ಯ ನನ್ನ ಹತ್ತಿರ ಇರೋದು ನಿಕಾನ್ ಡಿ7200 ಡಿಜಿಟಲ್ ಕ್ಯಾಮೆರಾ, ಜೊತೆಗೆ 18-140 ಲೆನ್ಸ್. ಈಗ ಒಂದು ಫಿಲ್ಮ್ ಕ್ಯಾಮೆರಾ ಕೊಳ್ಳೋ ಯೋಚನೆ. ಎರಡು ಮಾರಾಟಕ್ಕಿವೆ: 50 ಎಂಎಂ ಎಫ್/1.8 ಎಐ-ಎಸ್ ಲೆನ್ಸ್ ಸಮೇತ ನಿಕಾನ್ ಎಫ್‌ಎಂ2, ಇನ್ನೊಂದು, ಮೇಲೊಂದು ಕೆಳಗೊಂದು ಲೆನ್ಸ್ ಇರೋ ಯಾಶಿಕಾ ಮ್ಯಾಟ್ 124ಜಿ. ಎರಡೂ ವರ್ಷಗಟ್ಟಲೆ ಚರ್ಮದ ಕೇಸಿನೊಳಗೆ, ಬೀರುವಿನಲ್ಲೇ ಇದ್ದವು. ಯಾಶಿಕಾದ ಮೇಲಿನ ಲೆನ್ಸಿನಲ್ಲಿ ಸಣ್ಣ ಎಳೆಗಳು ಹಬ್ಬಿವೆ, ಕೆಳಗಿನದು ಬರಿಗಣ್ಣಿಗೆ ಶುಭ್ರ. ಎಫ್‌ಎಂ2 ಹಿಂಬಾಗಿಲು ತೆಗೆದರೆ ಕಪ್ಪು ಜಿಗುಟು ಬೆರಳಿಗೆ ಅಂಟುತ್ತೆ.

ತೆಗೆಯೋದು ಹೆಚ್ಚಾಗಿ ಬೇಲೂರು-ಹಳೇಬೀಡಿನ ಶಿಲ್ಪ, ಹೂಮಳೆ ಬಿದ್ದ ಮೇಲಿನ ಕಾಫಿ ತೋಟ, ಮುಳ್ಳಯ್ಯನಗಿರಿ ಕಡೆಯ ಮಂಜು. ಎರಡರಲ್ಲಿ ಒಂದನ್ನೇ ಕೊಳ್ಳೋಕೆ ಆಗೋದು. ಕೊಳ್ಳೋ ಮುಂಚೆ ಏನೇನು ಪರೀಕ್ಷೆ ಮಾಡಬೇಕು? ಆ ಎಳೆಗಳಿಗೆ ಹೆದರಬೇಕಾ? ಅಥವಾ ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ, ಎಫ್‌ಎಂ2 ರೂಪದಲ್ಲೇ ಬಂದಿರೋ ನಿಕಾನ್ ಡಿಜಿಟಲ್ ಕ್ಯಾಮೆರಾ ಝಡ್ ಎಫ್‌ಸಿ ತಗೊಳ್ಳೋದು ಜಾಣತನವಾ? ಹಳೇ ಕ್ಯಾಮೆರಾದಿಂದ ಚಿತ್ರಕ್ಕೆ ನಿಜವಾಗಿ ಏನಾದರೂ ಸಿಗುತ್ತಾ ಅನ್ನೋದನ್ನೂ ತಿಳಿದವರು ಹೇಳಿ.

ಕತ್ತಲೆಕೋಣೆ, ಹಾಸನ

ಮೊದಲು ಲೆನ್ಸ್ ನೋಡಿ, ಬಾಡಿ ಆಮೇಲೆ. ನಮ್ಮ ಎರಡು ಜಿಲ್ಲೆಗಳಲ್ಲಿ ಹಳೆಯ ಕ್ಯಾಮೆರಾ ಕೆಡುವುದು ಬಳಸಿ ಸವೆದು ಅನ್ನುವುದಕ್ಕಿಂತ ಬಳಸದೆ ಮುಚ್ಚಿಟ್ಟು ಕೆಡುವುದೇ ಹೆಚ್ಚು. ಚರ್ಮದ ಕೇಸು ಮಳೆಗಾಲದ ತೇವವನ್ನು ಹೀರಿ ಹಿಡಿದುಕೊಳ್ಳುತ್ತದೆ, ಒಳಗೆ ಕತ್ತಲೆ, ಗಾಳಿಯಾಡುವುದಿಲ್ಲ. ಬೂಷ್ಟಿಗೆ ಬೇಕಾದ್ದೆಲ್ಲ ಅಲ್ಲಿ ಸಿಗುತ್ತದೆ. ಯಾವುದನ್ನೇ ಕೊಂಡರೂ ಆ ಕೇಸನ್ನು ಕ್ಯಾಮೆರಾದಿಂದ ದೂರ ಇಡಿ.

ಎಫ್‌ಎಂ2 ಲೆನ್ಸನ್ನು ಬಾಡಿಯಿಂದ ಬಿಚ್ಚಿ, ಹಿಂಭಾಗದ ಲಿವರ್ ತಳ್ಳಿ ಹಿಡಿದು ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಪೂರ್ತಿ ತೆರೆಯಿರಿ. ಮೊಬೈಲ್ ಟಾರ್ಚನ್ನು ಹಿಂಬದಿಯಿಂದ ಓರೆಯಾಗಿ ಹಾಯಿಸಿ ಮುಂದಿನಿಂದ ನೋಡಿ. ಟಾರ್ಚನ್ನು ನೇರ ಹಿಡಿದರೆ ಏನೂ ಕಾಣುವುದಿಲ್ಲ, ಓರೆ ಬೆಳಕಲ್ಲೇ ದೋಷ ಹೊಳೆಯುವುದು. ಬೇರಿನಂತೆ ಕವಲೊಡೆದ ಎಳೆ ಕಂಡರೆ ಫಂಗಸ್. ಗಾಜಿನ ಮೇಲೆಲ್ಲ ಸಮನಾಗಿ ಹಾಲಿನ ತೆಳುಪೊರೆ ಇದ್ದರೆ ಅದು ಹೇಜ್, ಒಳಗಿನ ಎಣ್ಣೆಯ ಆವಿ ಕೂತದ್ದು, ಸಾಮಾನ್ಯವಾಗಿ ಒರೆಸಿದರೆ ಹೋಗುತ್ತದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ತೇಪೆ ಇದ್ದರೆ ಎರಡು ಗಾಜಿನ ನಡುವಿನ ಅಂಟು ಬಿಟ್ಟಿದೆ ಎಂದರ್ಥ. ಅಂಥದ್ದನ್ನು ಕೊಳ್ಳಬೇಡಿ, ಆ ರಿಪೇರಿಗೆ ಲೆನ್ಸಿನ ಬೆಲೆಗಿಂತ ಹೆಚ್ಚು ಬೀಳುತ್ತದೆ. ನಾಲ್ಕಾರು ಧೂಳಿನ ಕಣ ಲೆಕ್ಕಕ್ಕಿಲ್ಲ. ಮುಂದಿನ ಗಾಜಿನ ಸಣ್ಣ ಗೀರಿಗಿಂತ ಹಿಂದಿನ ಗಾಜಿನ ಗೀರು ಚಿತ್ರವನ್ನು ಹೆಚ್ಚು ಕೆಡಿಸುತ್ತದೆ. ಆ ಲಿವರನ್ನೇ ತಳ್ಳಿ ಬಿಟ್ಟಾಗ ಅಪರ್ಚರ್ ಎಲೆಗಳು ಪಟ್ಟನೆ ಮುಚ್ಚಬೇಕು. ನಿಧಾನಕ್ಕೆ ಜಾರಿದರೆ ಎಲೆಗೆ ಎಣ್ಣೆ ಇಳಿದಿದೆ, ಎಫ್/11ರಲ್ಲಿ ತೆಗೆದ ಚಿತ್ರಗಳು ಬೆಳಕು ಹೆಚ್ಚಾಗಿ ಬರುತ್ತವೆ.

ಫಂಗಸ್ ಬಗ್ಗೆ ಇನ್ನೊಂದು ಮಾತು. ಒರೆಸಿದರೆ ಎಳೆ ಹೋಗಬಹುದು, ಆದರೆ ಅದು ಉಗುಳಿದ ಆಮ್ಲ ಕೋಟಿಂಗನ್ನು ತಿಂದಿದ್ದರೆ ಅಚ್ಚು ಹಾಗೇ ಉಳಿಯುತ್ತದೆ. ಅಂಚಿನಲ್ಲಿ ಎರಡು ಎಳೆ ಇದ್ದರೆ ಚಿತ್ರದಲ್ಲಿ ಗೊತ್ತೇ ಆಗುವುದಿಲ್ಲ. ನಡುವೆ ಹಬ್ಬಿದ್ದರೆ ಎದುರು ಬೆಳಕಿನಲ್ಲಿ ಕಾಂಟ್ರಾಸ್ಟ್ ಬೀಳುತ್ತದೆ. ಬಿಸಿಲಿಗಿಟ್ಟರೆ ವಾಸಿ ಎಂದು ಹಲವರು ಹೇಳುತ್ತಾರೆ. ಬೆಳವಣಿಗೆ ನಿಲ್ಲಬಹುದು, ಕಲೆ ಹೋಗುವುದಿಲ್ಲ. ಹೆಚ್ಚು ಹೊತ್ತು ಬಿಸಿಯಾದರೆ ಫೋಕಸ್ ರಿಂಗಿನ ಗ್ರೀಸ್ ಕರಗಿ ಅಪರ್ಚರ್ ಎಲೆಗೆ ಇಳಿಯುತ್ತದೆ, ಗಾಜು ಸೂರ್ಯನಿಗೆ ನೇರವಾಗಿದ್ದರೆ ಎದುರಿನ ಬಟ್ಟೆಯೋ ಮರವೋ ಸುಟ್ಟೀತು.

ಇನ್ನು ಎಫ್‌ಎಂ2 ಬಾಡಿ. 1982ರಲ್ಲಿ ಬಂದ ಈ ಕ್ಯಾಮೆರಾದಲ್ಲಿ 1 ಸೆಕೆಂಡಿನಿಂದ 1/4000ರವರೆಗೆ ಎಲ್ಲ ಶಟರ್ ಸ್ಪೀಡೂ ಯಾಂತ್ರಿಕ. ಎರಡು ಎಲ್‌ಆರ್44 ಸೆಲ್ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಸೆಲ್ ತೆಗೆದು ಒಮ್ಮೆ, ಹಾಕಿ ಒಮ್ಮೆ ಪರೀಕ್ಷಿಸಿ. ವೈಂಡಿಂಗ್ ಲಿವರನ್ನು ಸ್ವಲ್ಪ ಹೊರಕ್ಕೆಳೆಯದಿದ್ದರೆ ಮೀಟರ್ ಹೊತ್ತುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಮೀಟರ್ ಸತ್ತಿದೆ ಎಂದುಕೊಳ್ಳುತ್ತಾರೆ. ಹಿಂಬಾಗಿಲು ತೆರೆದು, ಬಿಳಿ ಗೋಡೆಯ ಕಡೆ ಹಿಡಿದು ಒಂದೊಂದು ಸ್ಪೀಡಿನಲ್ಲೂ ಒತ್ತಿ. 1, 1/2, 1/4 ಸೆಕೆಂಡಿನ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಎರಡು ಟಕ್ ಸದ್ದುಗಳ ನಡುವಿನ ಅಂತರ ಅಳೆಯಿರಿ. 1 ಸೆಕೆಂಡ್ ಎಂದಿಟ್ಟದ್ದು 1.3 ದಾಟಿದರೆ ಎಣ್ಣೆ ಗಟ್ಟಿಯಾಗಿದೆ, ಸರ್ವೀಸ್ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ವೇಗದ ಸ್ಪೀಡುಗಳಿಗೆ ಕಿವಿ ಸಾಲದು. ಮೊದಲ ರೋಲಿನಲ್ಲಿ ಖಾಲಿ ಆಕಾಶವನ್ನು 1/1000, 1/2000, 1/4000ರಲ್ಲಿ ತೆಗೆಯಿರಿ. ಚೌಕಟ್ಟಿನ ಒಂದು ಕಡೆ ಮಬ್ಬಾಗಿದ್ದರೆ ಶಟರಿನ ಎರಡು ಪರದೆಗಳ ಓಟ ಹೊಂದುತ್ತಿಲ್ಲ ಎಂದು ತಿಳಿಯಿರಿ. ಶಟರ್ ಎಲೆಯನ್ನು ಬೆರಳಿಂದ ಮುಟ್ಟಬೇಡಿ.

ಆ ಕಪ್ಪು ಜಿಗುಟಿಗೆ ಹೆದರಬೇಡಿ. ಅದು ಬೆಳಕು ನುಸುಳದಂತೆ ಹಾಕಿದ ಫೋಮ್, ವಯಸ್ಸಾಗಿ ಕರಗಿದೆ. ಶಟರ್ ಕಿಂಡಿಯನ್ನು ಕಾಗದದಿಂದ ಮುಚ್ಚಿ, ಹಲ್ಲುಕಡ್ಡಿಯ ತುದಿಗೆ ಐಸೋಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಬಾಗಿಲಂಚಿನ ಕಾಲುವೆಯಿಂದ ಎಬ್ಬಿಸಿ. ಒಂದು ಚೂರು ಶಟರ್ ಎಲೆಯ ಮೇಲೆ ಬಿದ್ದು ಅಂಟಿದರೂ ಶಟರ್ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಕ್ಯಾಮೆರಾವನ್ನು ಬಾಯಿ ಕೆಳಗಾಗಿ ಹಿಡಿದು ಕೆಲಸ ಮಾಡಿ. ಕಾಲುವೆಗೆ 1.5 ಎಂಎಂ ಕಪ್ಪು ಫೋಮ್ ಪಟ್ಟಿ ಸಾಕು, ಸಿಗದಿದ್ದರೆ ಕಪ್ಪು ಉಲ್ಲನ್ ದಾರ ಕೂರಿಸಿದರೂ ಬೆಳಕು ನಿಲ್ಲುತ್ತದೆ. ಕನ್ನಡಿ ಬಂದು ಬಡಿಯುವ ಜಾಗದಲ್ಲೂ ಅದೇ ಫೋಮ್ ಇರುತ್ತದೆ, ಅದನ್ನೂ ಬದಲಿಸಿ. ಆಲ್ಕೊಹಾಲ್ ಮಾತ್ರ ಫೋಕಸಿಂಗ್ ಸ್ಕ್ರೀನಿಗೆ ತಾಗಬಾರದು.

ಚೌಕಚಿತ್ರ, ಸಕಲೇಶಪುರ

ಎಫ್‌ಎಂ2 ಒಳ್ಳೇ ಕ್ಯಾಮೆರಾ, ಅದರಲ್ಲಿ ಎರಡು ಮಾತಿಲ್ಲ. ಆದ್ರೂ ನನ್ನ ಓಟು ಯಾಶಿಕಾಗೇ ಕಣ್ರೀ. ನಿಮ್ಮ ಹತ್ರ ಈಗಾಗಲೇ ಕಣ್ಣಿಗೆ ಹಿಡಿದು ನೋಡೋ ಕ್ಯಾಮೆರಾ ಇದೆ. ಸೊಂಟದ ಮಟ್ಟದಲ್ಲಿ ಹಿಡಿದು ತಲೆ ಬಗ್ಗಿಸಿ ನೋಡೋ ಕ್ಯಾಮೆರಾದಲ್ಲಿ ಚೌಕಟ್ಟು ಕಟ್ಟೋ ಕ್ರಮವೇ ಬೇರೆ. ಗಾಜಿನ ಮೇಲೆ ಎಡ-ಬಲ ತಿರುಗಾಮುರುಗಾ ಕಾಣುತ್ತೆ, ಹಾಗಾಗಿ ವಸ್ತುವಿಗಿಂತ ಆಕಾರ ಮೊದಲು ಕಣ್ಣಿಗೆ ಬೀಳುತ್ತೆ. ಇದಕ್ಕೆ ಹಾಕೋ 120 ಅನ್ನೋ ಅಗಲದ ಫಿಲ್ಮ್ ರೋಲಿಗೆ ಹನ್ನೆರಡೇ ಚಿತ್ರ. ನೆಗೆಟಿವ್ 56 ಎಂಎಂ ಚೌಕ, 35 ಎಂಎಂ ಚೌಕಟ್ಟಿನ ಮೂರೂವರೆ ಪಟ್ಟು ವಿಸ್ತೀರ್ಣ. ಹಳೇಬೀಡಿನ ಗೋಡೆಯ ಆನೆ ಸಾಲು, ಅದರ ಮೇಲಿನ ಸಿಂಹ, ಬಳ್ಳಿ, ಕುದುರೆ ಎಲ್ಲದರ ಉಳಿಯ ಗುರುತೂ ಅಷ್ಟು ದೊಡ್ಡ ನೆಗೆಟಿವ್‌ನಲ್ಲಿ ಉಳಿಯುತ್ತೆ. ಹಳೇ ಕ್ಯಾಮೆರಾದಿಂದ ಏನು ಸಿಗುತ್ತೆ ಅಂತ ಕೇಳಿದ್ರಲ್ಲ, ನನ್ನ ಮಟ್ಟಿಗೆ ಇದೇ ಉತ್ತರ.

ಮೇಲಿನ ಲೆನ್ಸಿನ ಫಂಗಸ್ಸಿಗೆ ತಲೆ ಕೆಡಿಸ್ಕೋಬೇಡಿ. ಅದು ನೋಡೋ ಲೆನ್ಸ್, ಫಿಲ್ಮಿಗೆ ಬೆಳಕು ಹೋಗೋದು ಕೆಳಗಿನದರಿಂದ. ಆದ್ರೆ ಬರಿಗಣ್ಣಿಗೆ ಶುಭ್ರ ಅಂದ್ರೆ ಸಾಲದು. ಶಟರ್ ಬಿ (ಬಟನ್ ಒತ್ತಿ ಹಿಡಿದಷ್ಟು ಹೊತ್ತು ತೆರೆದಿರೋದು) ಮೇಲಿಟ್ಟು, ಅಪರ್ಚರ್ 3.5ಕ್ಕೆ ತೆರೆದು, ಬಟನ್ ಒತ್ತಿ ಹಿಡಿದು, ಹಿಂಬದಿಯಿಂದ ಟಾರ್ಚ್ ಬಿಟ್ಟು ನೋಡಿ. ಕೆಳಗಿನದು ಚೊಕ್ಕ ಇದ್ರೆ ಮೇಲಿನ ಎಳೆಗಳನ್ನೇ ತೋರಿಸಿ ಬೆಲೆ ಇಳಿಸಿ, ಆಮೇಲೆ ರಿಪೇರಿಯವರ ಹತ್ರ ಸ್ವಚ್ಛ ಮಾಡಿಸಿ. ಒಳಗಿನ ಕನ್ನಡಿಯನ್ನ ಮಾತ್ರ ಬಟ್ಟೆಯಿಂದ ಒರೆಸಬೇಡಿ. ಅದರ ಲೇಪ ಗಾಜಿನ ಮೇಲ್ಮುಖಕ್ಕೇ ಇರೋದು, ಒಂದೇ ಒರೆತಕ್ಕೆ ಗೀರು ಬೀಳುತ್ತೆ. ಬ್ಲೋವರ್ ಸಾಕು.

ವೈಂಡಿಂಗ್ ಹಿಡಿಯನ್ನ ಮುಂದಕ್ಕೆ ತಿರುಗಿಸಿದ್ರೆ ಫಿಲ್ಮ್ ಓಡುತ್ತೆ, ನಿಂತ ಮೇಲೆ ಹಿಂದಕ್ಕೆ ತಂದ್ರೆ ಶಟರ್ ಸಜ್ಜಾಗುತ್ತೆ. ಎಲ್ಲಾದ್ರೂ ಬಿಗಿ ಅನ್ನಿಸಿದ್ರೆ ಬಲ ಹಾಕಬೇಡಿ, ಗಿಯರ್ ಹಲ್ಲು ಹೋದ್ರೆ ಬಿಡಿಭಾಗಕ್ಕೆ ಇನ್ನೊಂದು ಯಾಶಿಕಾನೇ ಬಿಚ್ಚಬೇಕಾಗುತ್ತೆ. ಸೆಲ್ಫ್ ಟೈಮರ್ ಮುಟ್ಟಲೇಬೇಡಿ. ವರ್ಷಗಟ್ಟಲೆ ಸುಮ್ಮನಿದ್ದ ಟೈಮರ್ ಅರ್ಧಕ್ಕೆ ನಿಂತ್ರೆ ಶಟರ್ರೂ ಅಲ್ಲೇ ನಿಲ್ಲುತ್ತೆ. ಹಿಂಬಾಗಿಲ ಒಳಗಿನ ಪ್ರೆಷರ್ ಪ್ಲೇಟ್ 120 ಅಂತ ತೋರಿಸೋ ಹಾಗಿರಬೇಕು, 220 (ಇನ್ನೊಂದು ಬಗೆಯ ಉದ್ದ ರೋಲ್) ಮೇಲಿದ್ರೆ ಫಿಲ್ಮ್ ಸರಿಯಾದ ಜಾಗದಲ್ಲಿ ಕೂರಲ್ಲ. ಹೊಸ ರೋಲ್ ಕೆಳಗೆ, ಖಾಲಿ ಸ್ಪೂಲ್ ಮೇಲೆ. ಕಾಗದದ ಮೇಲಿನ ಬಾಣದ ಗುರುತು ಕ್ಯಾಮೆರಾದ ಒಳಗಿನ ಗುರುತಿಗೆ ಸರಿಯಾಗಿ ಬಂದ ಮೇಲೆ ಬಾಗಿಲು ಮುಚ್ಚಿ, ನಿಲ್ಲೋ ತನಕ ತಿರುಗಿಸಿ. ಮಾರೋರ ಹತ್ರ ಒಂದು ಖಾಲಿ ಸ್ಪೂಲ್ ಕೇಳಿ ಇಸ್ಕೊಳ್ಳಿ, ಅದಿಲ್ಲದೆ ಮೊದಲ ರೋಲ್ ಹಾಕೋಕೇ ಆಗಲ್ಲ.

ಮೀಟರ್ ವಿಷಯ. ಅದಕ್ಕೆ ಹಾಕ್ತಿದ್ದ 1.35 ವೋಲ್ಟಿನ ಪಾದರಸದ ಸೆಲ್ ಈಗ ತಯಾರಾಗ್ತಿಲ್ಲ. ಅದೇ ಗಾತ್ರದ 1.5 ವೋಲ್ಟ್ ಆಲ್ಕಲೈನ್ ಹಾಕಿದ್ರೆ ಮೀಟರ್ ಬೆಳಕು ಜಾಸ್ತಿ ಇದೆ ಅಂತ ತೋರಿಸಿ ನೆಗೆಟಿವ್ ತೆಳ್ಳಗೆ ಬರುತ್ತೆ. ಕಿವಿ ಯಂತ್ರದ 675 ಸೆಲ್ ತಂದು, ಸುತ್ತ ಒಂದು ರಬ್ಬರ್ ಉಂಗುರ ಹಾಕಿ ಕೂರಿಸಿ. ಅದು 1.4 ವೋಲ್ಟ್, ಹತ್ತಿರ ಹತ್ತಿರ ಸರಿ ಹೋಗುತ್ತೆ. ಸೆಲ್ ಮೇಲಿನ ಸ್ಟಿಕ್ಕರ್ ಕಿತ್ತ ಮೇಲೆ ಬಳಸಲಿ ಬಿಡಲಿ ಕೆಲವು ವಾರಕ್ಕೆ ಮುಗಿಯುತ್ತೆ, ಹಾಗಾಗಿ ರೋಲ್ ಹಾಕೋ ದಿನವೇ ಕೀಳಿ. ಇಲ್ಲಾಂದ್ರೆ ಮೊಬೈಲಿನ ಮೀಟರ್ ಆಪ್ ಸಾಕು.

ಹೊಯ್ಸಳಬೆಳಕು, ಬೇಲೂರು

ಚೌಕಚಿತ್ರ ಅವರ ಮಾತು ಗೋಡೆಯ ಶಿಲ್ಪಕ್ಕೆ ಒಪ್ಪುತ್ತದೆ. ಆದರೆ ಬೇಲೂರಿನ ಮದನಿಕೆಯರು ಇರುವುದು ಸೂರಿನಡಿ, ತಲೆಗಿಂತ ಎಷ್ಟೋ ಮೇಲೆ. ಯಾಶಿಕಾದ 80 ಎಂಎಂ ಲೆನ್ಸ್ ಅಷ್ಟು ದೊಡ್ಡ ನೆಗೆಟಿವ್ ಮೇಲೆ ಸಾಮಾನ್ಯ ನೋಟವನ್ನೇ ಕೊಡುತ್ತದೆ, ಲೆನ್ಸ್ ಬದಲಿಸಲಾಗದು. ಸೊಂಟದ ಮಟ್ಟದಿಂದ ಮೇಲ್ಮುಖವಾಗಿ ಹಿಡಿದು ಫೋಕಸ್ ಮಾಡುವುದೂ ಕಷ್ಟ. ಅಲ್ಲಿಗೆ 35 ಎಂಎಂ ಬಾಡಿಯ ಮೇಲೆ 105 ಅಥವಾ 135 ಎಂಎಂ ಬೇಕು, ಅಂದರೆ ಎಫ್‌ಎಂ2.

ಗಿರಿದಾರಿ ಅವರು ಗಮನಿಸಬೇಕಾದ ದೊಡ್ಡ ಅನುಕೂಲ ಬೇರೆಯೇ ಇದೆ. ಆ 50 ಎಂಎಂ ಲೆನ್ಸ್ ನಿಮ್ಮ ಡಿ7200 ಮೇಲೂ ಕೂರುತ್ತದೆ, ಮೀಟರೂ ಕೆಲಸ ಮಾಡುತ್ತದೆ. ಸೆಟಪ್ ಮೆನುವಿನಲ್ಲಿ ನಾನ್-ಸಿಪಿಯು ಲೆನ್ಸ್ ಡೇಟಾ ಎಂಬಲ್ಲಿ 50 ಎಂಎಂ, ಎಫ್/1.8 ಎಂದು ನಮೂದಿಸಿ, ಎ ಅಥವಾ ಎಂ ಮೋಡ್‌ಗೆ ಹೋಗಿ, ಅಪರ್ಚರನ್ನು ಲೆನ್ಸಿನ ಉಂಗುರದಲ್ಲೇ ತಿರುಗಿಸಿ. ಫೋಕಸ್ ಕೈಯಲ್ಲೇ, ಆದರೆ ಸರಿಯಾದಾಗ ವ್ಯೂಫೈಂಡರಿನ ಹಸಿರು ಚುಕ್ಕೆ ನಿಲ್ಲುತ್ತದೆ. ಹಳೆಯ ಲೆನ್ಸಿಗೆ ಮೀಟರ್ ಕೆಲಸ ಮಾಡುವ ಈ ಸೌಲಭ್ಯ ಡಿ3000, ಡಿ5000 ಸಾಲಿನವುಗಳಲ್ಲಿ ಇಲ್ಲ. 2017ರ ಡಿ7500ರಿಂದಲೂ ನಿಕಾನ್ ಇದಕ್ಕೆ ಬೇಕಾದ, ಲೆನ್ಸಿನ ಉಂಗುರದ ಅಳತೆ ಓದುವ ಬಾಡಿಯ ಲಿವರನ್ನು ಕಿತ್ತುಹಾಕಿತು, ಹಾಗಾಗಿ ಡಿ7200 ಮಾರಿ ಡಿ7500ಕ್ಕೆ ಹೋಗುವ ಯೋಚನೆ ಇದ್ದರೆ ಬಿಡಿ. ಡಿ7200 ಮೇಲೆ 50 ಎಂಎಂ ನೋಟ 75 ಎಂಎಂನಷ್ಟು ಕಿರಿದಾಗುತ್ತದೆ, ತೋಟದಲ್ಲಿ ಕೆಲಸದವರ ಮುಖಚಿತ್ರಕ್ಕೆ ಇದು ಹದವಾದ ಅಳತೆ.

2021ರ ಝಡ್ ಎಫ್‌ಸಿ ನೋಡಲು ಎಫ್‌ಎಂ2, ಒಳಗೆ ನಿಮ್ಮ ಡಿ7200ರ ಗಾತ್ರದ್ದೇ ಸೆನ್ಸರ್. ಡಯಲ್ ತಿರುಗಿಸುವ ಸುಖಕ್ಕೆ ಅಷ್ಟು ದುಡ್ಡು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಕಾದು ದುಡ್ಡು ಕೂಡಿಸಿದರೆ 2023ರ ಝಡ್ ಎಫ್ ಇದೆ. ಅದು ಫುಲ್ ಫ್ರೇಮ್ (ಸೆನ್ಸರ್ 35 ಎಂಎಂ ಫಿಲ್ಮ್ ಚೌಕಟ್ಟಿನಷ್ಟೇ ದೊಡ್ಡದು), ಬಾಡಿಯಲ್ಲೇ ಅಲುಗಾಟ ತಡೆಯುವ ವ್ಯವಸ್ಥೆ ಇದೆ, ಹಳೆಯ 50 ಎಂಎಂ ಅಲ್ಲಿ 50 ಎಂಎಂ ಆಗಿಯೇ ಉಳಿಯುತ್ತದೆ. ಹಳೆಯ ಲೆನ್ಸ್ ಈ ಝಡ್ ಸಾಲಿನ ಮಿರರ್‌ಲೆಸ್ ಮೇಲೆ ಕೂರುವುದಕ್ಕೆ ಕಾರಣ ಸರಳ: ಆ ಲೆನ್ಸ್ ಕೂರುವ ಎಫ್ ಮೌಂಟಿನಲ್ಲಿ ಲೆನ್ಸ್ ಮೌಂಟಿನಿಂದ ಫಿಲ್ಮಿಗೆ 46.5 ಎಂಎಂ, ಝಡ್ ಮೌಂಟಿನಲ್ಲಿ 16 ಎಂಎಂ. ಮಿಕ್ಕ 30.5 ಎಂಎಂ ಜಾಗದಲ್ಲಿ ಅಡಾಪ್ಟರ್ ಕೂರುತ್ತದೆ. ಅಪರ್ಚರ್ ಉಂಗುರ ಇರುವ ಲೆನ್ಸಿಗೆ ವಿದ್ಯುತ್ ಸಂಪರ್ಕವಿಲ್ಲದ ಸಾದಾ ಅಡಾಪ್ಟರ್ ಸಾಕು. ಅಗ್ಗದವುಗಳಲ್ಲಿ ಲೆನ್ಸ್ ಸ್ವಲ್ಪ ಅಲ್ಲಾಡುತ್ತದೆ, ಅಂಗಡಿಯಲ್ಲೇ ಹಾಕಿ ತಿರುಗಿಸಿ ನೋಡಿ.

ಬೆಳಕಿನ ಮಾತು ಬಂದಿದ್ದರಿಂದ: ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ ಪೂರ್ವಾಭಿಮುಖ, ಆ ದಟ್ಟ ಶಿಲ್ಪದ ಗೋಡೆ ಹಿಂಬದಿ ಪಶ್ಚಿಮಕ್ಕಿದೆ. ಬೆಳಿಗ್ಗೆ ಅದಕ್ಕೆ ನೇರ ಬಿಸಿಲು ಬೀಳುವುದಿಲ್ಲ. ಮಧ್ಯಾಹ್ನದ ಬಿಸಿಲು ಗೋಡೆಗೆ ಸವರಿಕೊಂಡು ಇಳಿಯುವಾಗ ಕೆತ್ತನೆಯ ಆಳ ಕಾಣುತ್ತದೆ, ಸಂಜೆ ನೇರಕ್ಕೆ ಬಿದ್ದಾಗ ಎಲ್ಲ ಚಪ್ಪಟೆ. ಕಲ್ಲು ಕಡುಬೂದು ಬಣ್ಣದ್ದು. ಚೌಕಟ್ಟಿನ ತುಂಬ ಕಲ್ಲೇ ಇದ್ದರೆ ಡಿಜಿಟಲ್‌ನಲ್ಲಿ ಮೀಟರಿಗಿಂತ ಮುಕ್ಕಾಲು ಸ್ಟಾಪ್ ಕಡಿಮೆ ಮಾಡಿ, ನೆಗೆಟಿವ್ ಫಿಲ್ಮಿನಲ್ಲಿ ಹಾಗೇ ಬಿಡಿ. ಮದನಿಕೆಯ ಹಿಂದೆ ಆಕಾಶ ಬಂದರೆ ಮೊದಲು ಕೆಳಗಿನ ಗೋಡೆಗೆ ಮೀಟರ್ ಹಿಡಿದು, ಅದೇ ಅಳತೆ ಇಟ್ಟುಕೊಂಡು ಮೇಲಕ್ಕೆ ತಿರುಗಿಸಿ. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ನವರಂಗದ ಒಳಗೆ ಐಎಸ್‌ಒ 400 ಫಿಲ್ಮಿನಲ್ಲಿ ಕೈಯಲ್ಲಿ ಹಿಡಿದು ತೆಗೆಯುವ ಆಸೆ ಬೇಡ, ಅಲ್ಲಿಗೆ ಡಿ7200 ಒಯ್ಯಿರಿ.

ಗಿರಿದಾರಿ, ಚಿಕ್ಕಮಗಳೂರು

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬ ಧನ್ಯವಾದ. ಲೆನ್ಸ್ ಡಿ7200 ಮೇಲೂ ಕೂರುತ್ತೆ ಅಂದ ಮೇಲೆ ಎಫ್‌ಎಂ2 ಕಡೆಗೇ ಮನಸ್ಸು ವಾಲಿದೆ. ಇನ್ನೆರಡು ಪ್ರಶ್ನೆ. ಕಪ್ಪು-ಬಿಳುಪು ಫಿಲ್ಮ್ ಮನೆಯಲ್ಲೇ ತೊಳೆಯಬಹುದಾ, ನಮ್ಮಲ್ಲಿನ ನೀರಿಗೆ ಆಗುತ್ತಾ? ಆಮೇಲೆ, ಮೃಗಶಿರಾ ಮಳೆ ಹಿಡಿದ ಮೇಲೆ ಕ್ಯಾಮೆರಾ ಎಲ್ಲಿಡೋದು? ತೇವ ತೆಗೆಯೋ ಡ್ರೈ ಕ್ಯಾಬಿನೆಟ್ ಈಗಲೇ ಕೊಳ್ಳೋಕಾಗಲ್ಲ. ಅಕ್ಕಿ ಡಬ್ಬದಲ್ಲಿಡಿ ಅಂತ ಒಬ್ಬರು, ಬೀರುವಿನಲ್ಲಿ ಜೀರೋ ಬಲ್ಬ್ ಹಾಕಿ ಅಂತ ಇನ್ನೊಬ್ಬರು ಹೇಳ್ತಾರೆ.

ಕತ್ತಲೆಕೋಣೆ, ಹಾಸನ

ಖಂಡಿತ ತೊಳೆಯಬಹುದು, ಕಪ್ಪು-ಬಿಳುಪಿಗೆ ನಮ್ಮ ಹವೆ ಅನುಕೂಲವೇ. ಇಲ್ಫರ್ಡ್ ಎಚ್‌ಪಿ5 ಪ್ಲಸ್ ಫಿಲ್ಮ್ ಮತ್ತು ಚಿತ್ರ ಮೂಡಿಸುವ ಐಡಿ-11 ಡೆವಲಪರ್ ಹಿಡಿದು ಹೇಳುತ್ತೇನೆ. ಒಂದಕ್ಕೊಂದು ನೀರು ಬೆರೆಸಿದರೆ 20 ಡಿಗ್ರಿಯಲ್ಲಿ 13 ನಿಮಿಷ. ಬೇಸಿಗೆಯಲ್ಲಿ ನೀರು 24 ಡಿಗ್ರಿ ಇದ್ದರೆ ಸುಮಾರು 9 ನಿಮಿಷ. ನೀರು ಬೆರೆಸದೆ ಬಳಸಿದರೆ 20 ಡಿಗ್ರಿಗೇ 7.5 ನಿಮಿಷ, 24ರಲ್ಲಿ ಅದು 5ರ ಹತ್ತಿರ ಬರುತ್ತದೆ. ಅಷ್ಟು ಕಡಿಮೆ ಸಮಯದಲ್ಲಿ ಡೆವಲಪರ್ ಸುರಿದು ಬಸಿಯುವ ವ್ಯತ್ಯಾಸವೇ ಆಕಾಶದಲ್ಲಿ ಪಟ್ಟೆಯಾಗಿ ಕಾಣುತ್ತದೆ. ಅದಕ್ಕೇ ಬೆರೆಸಿದ್ದನ್ನೇ ಬಳಸಿ, ಒಮ್ಮೆ ಬಳಸಿದ್ದನ್ನು ಚೆಲ್ಲಿ. ಪ್ಯಾಟರ್ಸನ್ ಟ್ಯಾಂಕಿನಲ್ಲಿ 35 ಎಂಎಂ ರೋಲಿಗೆ 290 ಮಿಲಿ ಸಾಕು, 150 ಡೆವಲಪರ್ 150 ನೀರು ಎಂದು ಲೆಕ್ಕ ಇಟ್ಟುಕೊಳ್ಳಿ. ಮೊದಲ 10 ಸೆಕೆಂಡ್ ನಾಲ್ಕು ಸಲ ಮಗುಚಿ, ನಂತರ ಪ್ರತಿ ನಿಮಿಷದ ಆರಂಭಕ್ಕೆ ನಾಲ್ಕು ಸಲ. ಪ್ರತಿ ಸಲವೂ ಟ್ಯಾಂಕನ್ನು ಮೇಜಿಗೆ ಮೆಲ್ಲನೆ ಕುಟ್ಟಿ, ಗುಳ್ಳೆ ಕೂತಲ್ಲಿ ದುಂಡು ಕಲೆ ಬೀಳುತ್ತದೆ.

ಹೊಸಬರಿಗೆ ಕೈ ಕೊಡುವುದು ರಾಸಾಯನಿಕ ಅಲ್ಲ, ಟ್ಯಾಂಕಿನೊಳಗೆ ಫಿಲ್ಮ್ ಸುತ್ತುವ ರೀಲು. ಪ್ಲಾಸ್ಟಿಕ್ ರೀಲಿನಲ್ಲಿ ಒಂದು ಹನಿ ನೀರಿದ್ದರೂ ಫಿಲ್ಮ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಚೇಂಜಿಂಗ್ ಬ್ಯಾಗಿನಲ್ಲಿ (ಬೆಳಕು ನುಸುಳದ ಚೀಲ) ಕೈ ಬೆವತಷ್ಟೂ ಇನ್ನೂ ಅಂಟುತ್ತದೆ. ಸಿಕ್ಕಿಕೊಂಡರೆ ಎಳೆದಾಡದೆ ಫಿಲ್ಮನ್ನು ಟ್ಯಾಂಕಿಗೆ ಹಾಕಿ ಮುಚ್ಚಿ, ಕೈ ಹೊರತೆಗೆದು ಒರೆಸಿಕೊಂಡು ಮತ್ತೆ ಶುರು ಮಾಡಿ. ಹಾಳಾದ ಒಂದು ರೋಲಿನಲ್ಲಿ ಹಗಲಲ್ಲೇ ಕೂತು ಅಭ್ಯಾಸ ಮಾಡಿಕೊಂಡರೆ ಕತ್ತಲಲ್ಲಿ ಕೈ ತಾನಾಗಿ ನಡೆಯುತ್ತದೆ.

ರ‍್ಯಾಪಿಡ್ ಫಿಕ್ಸರ್ 1ಕ್ಕೆ 4 ನೀರು, 3ರಿಂದ 5 ನಿಮಿಷ. ಫಿಲ್ಮಿನ ತುದಿಯ ಚೂರೊಂದನ್ನು ಅದರಲ್ಲಿ ಅದ್ದಿ, ಪಾರದರ್ಶಕ ಆಗಲು ಹಿಡಿದ ಸಮಯದ ಎರಡರಷ್ಟು ಕೊಡಿ. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಇರುತ್ತದೆ, ಬಾವಿಯ ಹತ್ತಿರವೋ ತೋಟಕ್ಕೋ ಚೆಲ್ಲಬೇಡಿ. ಎಲ್ಲ ನೀರೂ ಎರಡು ಡಿಗ್ರಿಯೊಳಗೆ ಹೊಂದಿರಲಿ. ಮಾಗಿಯ ಬೆಳಿಗ್ಗೆ ನಲ್ಲಿ ನೀರು ಕೊರೆಯುತ್ತಿರುತ್ತದೆ, ಹಾಗೇ ತೊಳೆದರೆ ಎಮಲ್ಷನ್ ಸುಕ್ಕುಗಟ್ಟಬಹುದು. ನೀರಿನ ಬಗ್ಗೆ ಕೇಳಿದಿರಿ. ಬಯಲುಸೀಮೆ ಕಡೆಯ ಬೋರ್‌ವೆಲ್ ನೀರು ಗಡಸು, ಒಣಗಿದಾಗ ಬಿಳಿ ಕಲೆ ಉಳಿಸುತ್ತದೆ. ತೊಳೆಯಲು ಯಾವ ನೀರಾದರೂ ಸರಿ, ಕೊನೆಯ ಅದ್ದುವಿಕೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಅದಕ್ಕೆ ನೀರು ಹನಿಗಟ್ಟದೆ ಜಾರಿಹೋಗಲು ಫೋಟೋ-ಫ್ಲೋ ದ್ರವ 200ಕ್ಕೆ 1ರಂತೆ. ಮಳೆಗಾಲದಲ್ಲಿ ಒಣಗುವುದು ನಿಧಾನ, ಫ್ಯಾನ್ ಹಾಕಿದರೆ ಧೂಳು ಕೂರುತ್ತದೆ. ಸ್ನಾನದ ಮನೆಯಲ್ಲಿ ನೇತುಹಾಕಿ ಬಾಗಿಲು ಮುಚ್ಚಿ, ಮರುದಿನ ತೆಗೆಯಿರಿ. ಸ್ಕ್ಯಾನರ್ ಬೇಡ, ಡಿ7200ಕ್ಕೆ ಒಂದು ಮ್ಯಾಕ್ರೋ ಲೆನ್ಸ್ ಹಾಕಿ ಎಲ್‌ಇಡಿ ಪ್ಯಾನೆಲ್ ಮೇಲೆ ಎಫ್/8ರಲ್ಲಿ ತೆಗೆಯಬಹುದು. ಫಿಲ್ಮಿನ ಜಾಗದಲ್ಲಿ ಸಣ್ಣ ಕನ್ನಡಿ ಇಟ್ಟು, ಅದರಲ್ಲಿ ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಬಂದರೆ ಕ್ಯಾಮೆರಾ ಸಮನಾಗಿದೆ.

ಬಣ್ಣದ ಫಿಲ್ಮ್ ತೊಳೆಯುವ ಸಿ-41 ಕ್ರಮಕ್ಕೆ 38 ಡಿಗ್ರಿ ಕದಲದೆ ನಿಲ್ಲಬೇಕು. ಅದನ್ನು ಬೆಂಗಳೂರಿನ ಲ್ಯಾಬಿಗೆ ಕೊರಿಯರ್ ಮಾಡಿ, ನೆಗೆಟಿವ್ ವಾಪಸ್ ಬೇಕು ಎಂದು ಬರೆದು ಕಳಿಸಿ.

ಚೌಕಚಿತ್ರ, ಸಕಲೇಶಪುರ

ಎಫ್‌ಎಂ2 ಆದ್ರೂ ಸರಿ, ಇಡೋ ಜಾಗ ಸರಿಯಾಗಿರಲಿ. ಅಕ್ಕಿ ಬೇಡವೇ ಬೇಡ, ಅದರ ಪುಡಿ ಹೋಗಿ ಲೆನ್ಸ್ ಸಂದಿಯಲ್ಲಿ ಕೂರುತ್ತೆ, ತೇವ ಹೀರೋದೂ ಅಷ್ಟಕ್ಕಷ್ಟೆ. ನುಸಿಗುಳಿಗೆಯೂ ಬೇಡ, ಅದರ ಆವಿ ಗಾಜಿಗೂ ಪ್ಲಾಸ್ಟಿಕ್ಕಿಗೂ ಒಳ್ಳೇದಲ್ಲ.

ರಬ್ಬರ್ ಅಂಚಿರೋ, ಗಾಳಿಯಾಡದ 10-15 ಲೀಟರ್ ಪ್ಲಾಸ್ಟಿಕ್ ಡಬ್ಬ ತನ್ನಿ. ಅದರಲ್ಲಿ ಕಾಲು ಕೆಜಿ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ ಕಟ್ಟಿಡಿ, ಜೊತೆಗೊಂದು ತೇವಾಂಶ ಅಳೆಯೋ ಸಣ್ಣ ಡಿಜಿಟಲ್ ಹೈಗ್ರೋಮೀಟರ್. ತೇವಾಂಶ ಶೇಕಡಾ 40ರಿಂದ 50ರ ಒಳಗಿರಲಿ. 60 ದಾಟಿ ನಿಂತ್ರೆ ಬೂಷ್ಟಿಗೆ ದಾರಿ, 30ರ ಕೆಳಗೆ ವರ್ಷಗಟ್ಟಲೆ ಇದ್ರೆ ಗ್ರೀಸ್, ಮೇಲ್ಹೊದಿಕೆ ಒಣಗುತ್ತೆ. ಅಗ್ಗದ ಹೈಗ್ರೋಮೀಟರ್ ತಪ್ಪು ತೋರಿಸೋದುಂಟು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ಕೆಲವೇ ಹನಿ ನೀರು ಹಾಕಿ ಒದ್ದೆ ಮರಳಿನ ಹದ ಮಾಡಿ, ಅದನ್ನೂ ಮೀಟರನ್ನೂ ಒಂದೇ ಜಿಪ್ ಚೀಲದಲ್ಲಿ ಹತ್ತು ಗಂಟೆ ಮುಚ್ಚಿಡಿ. 75 ತೋರಿಸಬೇಕು. 71 ತೋರಿಸಿದ್ರೆ ಯಾವಾಗ್ಲೂ ನಾಲ್ಕು ಸೇರಿಸಿ ಓದ್ಕೊಳ್ಳಿ.

ಸಿಲಿಕಾ ಜೆಲ್‌ನಲ್ಲಿ ನೀಲಿಗಿಂತ ಕಿತ್ತಳೆ ಬಣ್ಣದ್ದು ತಗೊಳ್ಳಿ, ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದ್ದು, ಮೈಗೆ ಒಳ್ಳೇದಲ್ಲ. ಬಣ್ಣ ತಿರುಗಿದಾಗ 110-120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ. ಅಡುಗೆ ಪಾತ್ರೆ ಬಳಸಬೇಡಿ. ಡಬ್ಬದ ಮುಚ್ಚಳ ಪದೇ ಪದೇ ತೆಗೆದ್ರೆ ಆಷಾಢದಲ್ಲಿ ಬೇಗ ಬಣ್ಣ ತಿರುಗುತ್ತೆ.

ಜೀರೋ ಬಲ್ಬಿಂದ ಉಪಯೋಗ ಇದೆ, ಆದ್ರೆ ಹಳೇ ಬಿಸಿಯಾಗೋ ಬಲ್ಬೇ ಆಗಬೇಕು, ಎಲ್‌ಇಡಿ ಬಲ್ಬಿಂದ ಬೀರು ಬಿಸಿಯಾಗಲ್ಲ. ಬಲ್ಬ್ ತೇವ ತೆಗೆಯಲ್ಲ, ಗಾಳಿ ಕಾಯಿಸುತ್ತೆ ಅಷ್ಟೆ. 22 ಡಿಗ್ರಿಯಲ್ಲಿ 90 ಇದ್ದ ತೇವಾಂಶ ಅದೇ ಗಾಳಿ 27 ಡಿಗ್ರಿಗೆ ಏರಿದ್ರೆ 67ರ ಸುಮಾರಿಗೆ ಇಳಿಯುತ್ತೆ. ಅಂದ್ರೆ ಬ್ಯಾಗು, ಟ್ರೈಪಾಡಿಗೆ ಸಾಕು, ಲೆನ್ಸಿಗೆ ಸಾಲಲ್ಲ. ಬಟ್ಟೆ, ಕಾಗದ ಬಲ್ಬಿನ ಹತ್ತಿರ ಇಡಬೇಡಿ, ವೈರು ಬಾಗಿಲಿಗೆ ಸಿಕ್ಕಿ ಕೊಯ್ಯದ ಹಾಗೆ ನೋಡ್ಕೊಳ್ಳಿ.

ಗಿರಿ ಮೇಲಿನ ಮಂಜಿಂದ ಬೆಚ್ಚಗಿನ ಕಾರಿಗೋ ಮನೆಗೋ ಬಂದ ತಕ್ಷಣ ಬ್ಯಾಗ್ ಬಿಚ್ಚಬೇಡಿ. ತಣ್ಣನೆ ಗಾಜಿನ ಮೇಲೆ ನೀರು ಕೂರುತ್ತೆ. ಬೆಟ್ಟದ ಮೇಲೇ ಜಿಪ್ ಚೀಲಕ್ಕೆ ಹಾಕಿ ಮುಚ್ಚಿ, ಮನೆಯ ಬಿಸಿಗೆ ಬರೋ ತನಕ ಒಂದು ಗಂಟೆ ಹಾಗೇ ಬಿಡಿ. ಮೇಲೆ ನೀರಾಗಿದ್ರೆ ಒಣ ಬಟ್ಟೇಲಿ ಒರೆಸಿ, ರಾತ್ರಿ ಇಡೀ ಹೊರಗಿಟ್ಟು, ಆಮೇಲೆ ಡಬ್ಬಕ್ಕೆ ಸೇರಿಸಿ. ಒದ್ದೆಯದ್ದನ್ನ ನೇರ ಡಬ್ಬಕ್ಕೆ ಹಾಕಿದ್ರೆ ಆ ತೇವ ಒಳಗಿರೋ ಎಲ್ಲಾ ಲೆನ್ಸಿಗೂ ಹರಡುತ್ತೆ. ವಾರಕ್ಕೊಮ್ಮೆ ಎಫ್‌ಎಂ2 ಹೊರಗೆ ತೆಗೆದು ಎಲ್ಲಾ ಸ್ಪೀಡಿನಲ್ಲೂ ಎರಡೆರಡು ಸಲ ಒತ್ತಿ, ಫೋಕಸ್ ಉಂಗುರ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ, ಶಟರ್ ಬಿಡಿಸಿದ ಸ್ಥಿತಿಯಲ್ಲೇ ಒಳಗಿಡಿ.